ಹತ್ತು ವರ್ಷದ ಲ್ಯಾಪ್‌ಟಾಪ್, ನುಡಿಯಲ್ಲಿ ಟೈಪ್ ಮಾಡಿದ ಹಾಡುಗಳು: ನಾನು ಲಿನಕ್ಸ್‌ಗೆ ಹೋಗಬಹುದಾ?

ಹಸೆಹಾಡು ಟೀಚರ್

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾಗಿ ಮೂರು ವರ್ಷವಾಯಿತು. ಕಂಪ್ಯೂಟರಿನ ಒಳಗಿನ ವಿಷಯ ನನಗೆ ಗೊತ್ತಿಲ್ಲ, ಆದರೆ ದಿನಾ ಬಳಸುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನನ್ನ ಲ್ಯಾಪ್‌ಟಾಪ್ 2016ರ ದೀಪಾವಳಿಗೆ ಮಗಳು ಕೊಡಿಸಿದ್ದು. ಆರನೇ ಪೀಳಿಗೆಯ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೆಳಿಗ್ಗೆ ಸ್ವಿಚ್ ಒತ್ತಿ ಒಲೆ ಮೇಲೆ ಹಾಲು ಇಡುತ್ತೇನೆ. ಹಾಲು ಉಕ್ಕುವ ಹೊತ್ತಿಗೆ ಇದು ತಯಾರಾಗಿರುತ್ತದೆ. ಈಗ ಪರದೆ ಮೇಲೆ ಪದೇ ಪದೇ ಒಂದು ಸೂಚನೆ: 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ ಅಂತ.

ಪೇಟೆಯ ಒಂದು ಅಂಗಡಿಗೆ ಒಯ್ದೆ. ಅವರು ತೆರೆದೂ ನೋಡಲಿಲ್ಲ. "ಇದಕ್ಕೆ ವಿಂಡೋಸ್ 11 ಬರಲ್ಲ, ಗುಜರಿಗೆ ಹಾಕಿ, ಹೊಸದು ನಲವತ್ತೈದು ಸಾವಿರಕ್ಕೆ ಕೊಡ್ತೀವಿ" ಅಂದರು. ಮನಸ್ಸಿಗೆ ಬೇಜಾರಾಯಿತು. ಒಂದು ಕೀಲಿಯೂ ಕೆಟ್ಟಿಲ್ಲ, ಪರದೆ ಕನ್ನಡಿಯಂತೆ ಇದೆ. ಇದನ್ನು ಹೇಗೆ ಗುಜರಿಗೆ ಹಾಕಲಿ?

ಅಣ್ಣನ ಮಗ ಬೆಂಗಳೂರಿನಲ್ಲಿದ್ದಾನೆ. ಅವನು ಫೋನಿನಲ್ಲಿ, "ಅತ್ತೆ, ವಿಂಡೋಸ್ ಬದಲು ಲಿನಕ್ಸ್ ಹಾಕೋಣ, ಹೊಸದರ ಹಾಗೆ ಓಡ್ತದೆ" ಅನ್ನುತ್ತಾನೆ. ಮೇ ತಿಂಗಳಲ್ಲಿ ಊರಿಗೆ ಬರುತ್ತಾನೆ. ಅಷ್ಟರಲ್ಲಿ ನಾನು ತೀರ್ಮಾನ ಮಾಡಬೇಕು.

ನಮ್ಮ ಮನೆಯಲ್ಲಿ ಇದರಿಂದ ಆಗುವ ಕೆಲಸ ಜಾಸ್ತಿ ಇಲ್ಲ. ಮೆಸ್ಕಾಂ ಬಿಲ್ ಕಟ್ಟುವುದು, ರೈಲು ಟಿಕೆಟ್, ಬ್ಯಾಂಕು, ಪತ್ರಿಕೆ ಓದುವುದು, ಪುಣೆಯಲ್ಲಿರುವ ಮಗಳ ಮುಖ ನೋಡಿ ಮಾತಾಡುವುದು. ನಮ್ಮ ಮನೆಯವರು ಅಂಚೆ ಇಲಾಖೆಯಿಂದ ನಿವೃತ್ತರು. ಅವರ ಜೀವನ್ ಪ್ರಮಾಣ್, ಅಂದರೆ ಪಿಂಚಣಿಗೆ ಬೇಕಾದ ಬದುಕಿರುವ ಪ್ರಮಾಣಪತ್ರವನ್ನು, ನವೆಂಬರಿನಲ್ಲಿ ಪಕ್ಕದ ಮನೆಯ ಹುಡುಗನ ಬೆರಳಚ್ಚು ಸಾಧನ ತಂದು ಇದರಲ್ಲೇ ಮಾಡುತ್ತೇವೆ. ಒಂದು ಸಣ್ಣ ಲೇಸರ್ ಪ್ರಿಂಟರ್ ಇದೆ.

ಇದ್ಯಾವುದೂ ನನ್ನ ನಿಜವಾದ ಚಿಂತೆ ಅಲ್ಲ. ಚಿಂತೆ ಹಾಡುಗಳದ್ದು.

ನನ್ನ ಆಯಿಗೆ ನೂರಾರು ಹಾಡು ಬಾಯಿಗೆ ಬರುತ್ತಿತ್ತು. ಎಣ್ಣೆ ಹಚ್ಚುವ ಹಾಡು, ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಹಾಡು. 2009ರಿಂದ ಅವಳನ್ನು ಎದುರಿಗೆ ಕೂರಿಸಿಕೊಂಡು ಬರೆದುಕೊಂಡೆ, ಮೊದಲು ಶಾಲೆಯ ಕಂಪ್ಯೂಟರಿನಲ್ಲಿ, ಆಮೇಲೆ ಇದರಲ್ಲಿ ಟೈಪ್ ಮಾಡಿದೆ. ಒಟ್ಟು 214 ಹಾಡು, ಹನ್ನೊಂದು ವರ್ಡ್ ಫೈಲು. ಎಲ್ಲವೂ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ, 'ನುಡಿ 01 ಇ' ಫಾಂಟಿನಲ್ಲಿ. ಆಯಿ 2018ರಲ್ಲಿ ಹೋದಳು. ಅದರಲ್ಲಿ ನಲವತ್ತರಷ್ಟು ಹಾಡು ಈಗ ನಮ್ಮ ಕಡೆ ಯಾರ ಬಾಯಲ್ಲೂ ಇಲ್ಲ. ಒಂದು ಪುಸ್ತಕ ಮಾಡಿಸಬೇಕು ಅಂತ ಆಸೆ.

ಹೋದ ವರ್ಷ ಒಂದು ಫೈಲನ್ನು ಮಗಳಿಗೆ ಮೇಲ್ ಮಾಡಿದೆ. ಅವಳ ಪರದೆಯಲ್ಲಿ ಒಂದು ಅಕ್ಷರ ಕನ್ನಡ ಇಲ್ಲ! ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಗೆರೆ, ಟೋಪಿ, ಚುಕ್ಕಿ. ಆ ದಿನದಿಂದ ಭಯ ಹತ್ತಿದೆ. ಲಿನಕ್ಸ್ ಹಾಕಿದರೆ ನನ್ನ ಮನೆಯಲ್ಲೂ ಹೀಗೇ ಆದರೆ? ಇನ್ನೊಂದು, ನನ್ನ ಬೆರಳುಗಳಿಗೆ ನುಡಿ ಕೀಲಿಮಣೆ ಮಾತ್ರ ಗೊತ್ತು. ಅರವತ್ತಮೂರಕ್ಕೆ ಹೊಸದು ಕಲಿಯುವುದು ಕಷ್ಟ.

ಅನುಭವ ಇರುವವರು ದಯವಿಟ್ಟು ಹೇಳಿ.

ಮೈಸೂರು ಪೆಂಗ್ವಿನ್

ಟೀಚರ್, ನಮಸ್ತೆ. ನಿಮ್ಮ ಲ್ಯಾಪ್‌ಟಾಪ್ ಗುಜರಿಗೆ ಹೋಗುವಂಥದ್ದಲ್ಲ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ಪೀಳಿಗೆ ಅಥವಾ ಹೊಸದು ಬೇಕು, ಟಿಪಿಎಂ 2.0 ಎಂಬ ಚಿಪ್ ಬೇಕು. ನಿಮ್ಮದು ಆ ಗೆರೆಯಿಂದ ಈಚೆ ಇದೆ ಅಷ್ಟೆ. ಯಂತ್ರ ಕೆಟ್ಟಿದೆ ಅಂತ ಅರ್ಥ ಅಲ್ಲ.

ನಮ್ಮ ಅಪ್ಪನಿಗೆ ಎಪ್ಪತ್ತೊಂದು. ಅವರ ಲ್ಯಾಪ್‌ಟಾಪ್ ನಿಮ್ಮದಕ್ಕಿಂತ ಒಂದು ವರ್ಷ ಹಳೆಯದು. ಅದಕ್ಕೆ ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್ ಹಾಕಿ ಮೂರು ವರ್ಷ ಆಯಿತು. ಮಿಂಟ್‌ನಲ್ಲಿ ಮೂರು ಬಗೆ ಇವೆ, ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. 4 ಜಿಬಿ ರ್‍ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ತೆಗೆದುಕೊಳ್ಳಿ, ಅದು ಹಗುರ. ಕೆಳಗೆ ಎಡಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ, ಹಳೆ ವಿಂಡೋಸ್ ಹಾಗೇ ಇರುತ್ತದೆ. ಈಗಿನ ಮಿಂಟ್ 22ಕ್ಕೆ 2029ರವರೆಗೆ ಸುರಕ್ಷತೆಯ ಅಪ್‌ಡೇಟ್ ಬರುತ್ತದೆ. ದುಡ್ಡು ಕೊಡಬೇಕಿಲ್ಲ.

ಆದರೆ ನಿಮಗೆ ಹಾಲು ಉಕ್ಕುವಷ್ಟು ಹೊತ್ತು ಹಿಡಿಯುವುದಕ್ಕೆ ಮುಖ್ಯ ಕಾರಣ ವಿಂಡೋಸ್ ಅಲ್ಲ, ಆ ತಿರುಗುವ ಹಾರ್ಡ್ ಡಿಸ್ಕ್. ಅದನ್ನು ತೆಗೆದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಹಾಕಿಸಿ. ಅಪ್ಪನದಕ್ಕೆ 240 ಜಿಬಿಯದು ಆಗ 1,700 ರೂಪಾಯಿಗೆ ಸಿಕ್ಕಿತ್ತು. ಈಗ ಬೆಲೆ ಏರಿದೆ, ಆದರೂ ಹೊಸ ಲ್ಯಾಪ್‌ಟಾಪಿನ ಮುಂದೆ ಏನೂ ಅಲ್ಲ.

ಇದರಲ್ಲಿ ಇನ್ನೊಂದು ದೊಡ್ಡ ಅನುಕೂಲ ಇದೆ, ನೀವು ಕೇಳಿದ ಭಯಕ್ಕೆ ಇದೇ ಉತ್ತರ. ಬಿಚ್ಚಿದ ಹಳೆ ಡಿಸ್ಕನ್ನು ಅಳಿಸಬೇಡಿ. ಹಾಗೇ ಒಂದು ಡಬ್ಬದಲ್ಲಿ ಹಾಕಿ ಬೀರುವಿನಲ್ಲಿಡಿ. ನಿಮ್ಮ ವಿಂಡೋಸ್, ನುಡಿ, ಹಾಡು ಎಲ್ಲ ಅದರೊಳಗೆ ಇದ್ದಲ್ಲೇ ಇರುತ್ತದೆ. ಲಿನಕ್ಸ್ ಒಗ್ಗಲಿಲ್ಲ ಅಂದರೆ ನಾಲ್ಕು ಸ್ಕ್ರೂ ಬಿಚ್ಚಿ ವಾಪಸ್ ಹಾಕಿದರಾಯಿತು. ಒಂದೇ ಡಿಸ್ಕಿನಲ್ಲಿ ವಿಂಡೋಸ್ ಅಳಿಸಿ ಲಿನಕ್ಸ್ ಹಾಕುವುದನ್ನು ನಿಮಗೆ ನಾನು ಹೇಳುವುದಿಲ್ಲ.

ಅದಕ್ಕೂ ಮೊದಲು, ಏನನ್ನೂ ಬದಲಿಸದೆ ರುಚಿ ನೋಡಬಹುದು. 8 ಜಿಬಿ ಪೆನ್‌ಡ್ರೈವ್‌ನಲ್ಲಿ ಮಿಂಟ್ ತುಂಬಿಸಿ, ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಬಹುದು. ಡಿಸ್ಕನ್ನು ಅದು ಮುಟ್ಟುವುದಿಲ್ಲ. ವೈಫೈ, ಸದ್ದು, ಕ್ಯಾಮೆರಾ, ಪ್ರಿಂಟರ್ ನೋಡಿಕೊಳ್ಳಿ. ಪೆನ್‌ಡ್ರೈವ್ ನಿಧಾನ ಇರುತ್ತದೆ, ಅದನ್ನು ನೋಡಿ ವೇಗದ ಬಗ್ಗೆ ತೀರ್ಮಾನ ಮಾಡಬೇಡಿ. 'ಇನ್‌ಸ್ಟಾಲ್' ಅಂತ ಒಂದು ಚಿತ್ರ ಇರುತ್ತದೆ, ಅದನ್ನು ಮಾತ್ರ ಒತ್ತಬೇಡಿ.

ಬ್ಯಾಂಕು, ಮೆಸ್ಕಾಂ, ರೈಲು ಎಲ್ಲ ಬ್ರೌಸರಿನ ಕೆಲಸ, ಒಂದೂ ನಿಲ್ಲುವುದಿಲ್ಲ. ಮಗಳ ಜೊತೆ ಗೂಗಲ್ ಮೀಟ್‌ನಲ್ಲಿ ಬ್ರೌಸರಿನಿಂದಲೇ ಮಾತಾಡಬಹುದು.

ಬೆಣ್ಣೆದೋಸೆ ದಾವಣಗೆರೆ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ ಮೇಡಂ. ಅವಸರ ಮಾಡಬೇಡಿ.

ವಿಂಡೋಸ್ 10ಕ್ಕೆ ಒಂದು ವರ್ಷದ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ, 2026ರ ಅಕ್ಟೋಬರ್ 13ರವರೆಗೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಾಯಿಸುವ ಗುಂಡಿ ಇರುತ್ತದೆ. ಮೈಕ್ರೋಸಾಫ್ಟ್ ಖಾತೆ ಬೇಕು, ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು. ಸೆಟ್ಟಿಂಗ್ಸನ್ನು ಆ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ದುಡ್ಡು ಕೊಡಬೇಕಿಲ್ಲ. ಇದನ್ನು ಇವತ್ತೇ ಮಾಡಿ. ನಿಮಗೆ ಯೋಚನೆಗೆ ಸಮಯ ಸಿಗುತ್ತದೆ.

ನಾನು ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನಮ್ಮ ಚಿಕ್ಕಮ್ಮನ ಕಂಪ್ಯೂಟರಿಗೆ ನಾನೇ ಲಿನಕ್ಸ್ ಹಾಕಿಕೊಟ್ಟಿದ್ದೆ. ಎಲ್ಲ ಚೆನ್ನಾಗಿತ್ತು, ಪ್ರಿಂಟರ್ ಒಂದು ಬಿಟ್ಟು. ಕೆಲವು ಹಳೆಯ ಸಣ್ಣ ಲೇಸರ್ ಪ್ರಿಂಟರುಗಳು ಆ ಕಂಪನಿಯ ಡ್ರೈವರ್ ಇಲ್ಲದೆ ಮಾತೇ ಕೇಳುವುದಿಲ್ಲ. ಎರಡು ಭಾನುವಾರ ಕೂತೆ. ಆಗಲಿಲ್ಲ. ಚಿಕ್ಕಮ್ಮ ನನ್ನನ್ನು ಏನೂ ಅನ್ನಲಿಲ್ಲ, ಆದರೆ ಪ್ರತಿ ಸಲ ಪೆನ್‌ಡ್ರೈವ್ ಹಿಡಿದು ಝೆರಾಕ್ಸ್ ಅಂಗಡಿಗೆ ಹೋಗುವುದನ್ನು ನೋಡಿ ನನಗೆ ತುಂಬಾ ನೋವಾಯಿತು. ಎಚ್‌ಪಿಯ ಹೆಚ್ಚಿನ ಮಾದರಿಗಳಿಗೆ ಲಿನಕ್ಸ್‌ನಲ್ಲಿ ಎಚ್‌ಪಿಎಲ್‌ಐಪಿ ಎಂಬ ತಂತ್ರಾಂಶ ಇದೆ, ಸುಲಭ. ನಿಮ್ಮದು ಬೇರೆ ಆದರೆ ಪೆನ್‌ಡ್ರೈವ್ ಪರೀಕ್ಷೆಯಲ್ಲೇ ಒಂದು ಹಾಳೆ ಪ್ರಿಂಟ್ ತೆಗೆದು ನೋಡಿ.

ಜೀವನ್ ಪ್ರಮಾಣ್ ಬೆರಳಚ್ಚು ಸಾಧನಕ್ಕೆ ವಿಂಡೋಸ್ ಅಥವಾ ಆಂಡ್ರಾಯ್ಡ್ ಬೇಕು. ಅದಕ್ಕೆ ಲಿನಕ್ಸ್ ನಂಬಬೇಡಿ. ಆದರೆ 2021ರಿಂದ ಆಂಡ್ರಾಯ್ಡ್ ಫೋನಿನಲ್ಲೇ ಮುಖ ತೋರಿಸಿ ಮಾಡಬಹುದು. ನಮ್ಮ ಮಾವ ಎರಡು ವರ್ಷದಿಂದ ಹಾಗೇ ಮಾಡುತ್ತಿದ್ದಾರೆ. ಬೆಳಕಿರುವ ಕಡೆ ಕೂತು, ಕಣ್ಣು ಮಿಟುಕಿಸಿದರೆ ಆಯಿತು. ಬೆರಳ ಗೆರೆ ಸವೆದವರಿಗೆ ಇದೇ ಒಳ್ಳೆಯದು.

ಕೊನೆಗೆ ಒಂದು ಪ್ರಶ್ನೆ. ಅಣ್ಣನ ಮಗ ಬೆಂಗಳೂರಿಗೆ ವಾಪಸ್ ಹೋದ ಮೇಲೆ, ಮಳೆಗಾಲದಲ್ಲಿ ಏನಾದರೂ ಕೈಕೊಟ್ಟರೆ ಊರಲ್ಲಿ ಯಾರು ನೋಡುತ್ತಾರೆ? ಅಂಗಡಿಯವರು ಲಿನಕ್ಸ್ ಅಂದರೆ ಕೈ ಎತ್ತುತ್ತಾರೆ. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಚ್ಚುಮೊಳೆ

ಟೀಚರ್, ನಾನು ಹುಬ್ಬಳ್ಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಮೇಲಿನ ಇಬ್ಬರೂ ಲ್ಯಾಪ್‌ಟಾಪ್ ಬಗ್ಗೆ ಸರಿಯಾಗಿ ಹೇಳಿದ್ದಾರೆ. ಆದರೆ ನಿಮ್ಮ ಹಾಡುಗಳು ಇವತ್ತೇ ಅಪಾಯದಲ್ಲಿವೆ, ನೀವು ವಿಂಡೋಸ್‌ನಲ್ಲೇ ಇದ್ದರೂ ಸರಿ. ಮೊದಲು ಅದನ್ನು ನೋಡೋಣ.

'ನುಡಿ 01 ಇ' ಹಳೆಯ ಬಗೆಯ ಫಾಂಟ್. ನಾವು ಆಸ್ಕಿ ಫಾಂಟ್ ಅನ್ನುತ್ತೇವೆ. ನೀವು 'ಕ' ಒತ್ತಿದಾಗ ಫೈಲಿನಲ್ಲಿ ಕನ್ನಡದ 'ಕ' ಉಳಿಯುವುದಿಲ್ಲ. ಯಾವುದೋ ಇಂಗ್ಲಿಷ್ ಚಿಹ್ನೆ ಉಳಿಯುತ್ತದೆ, ಫಾಂಟ್ ಅದಕ್ಕೆ 'ಕ' ಎಂಬ ವೇಷ ಹಾಕುತ್ತದೆ. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಮಗಳ ಮನೆಯಲ್ಲಿ ಆಗಿದ್ದು ಅದೇ. ಎಲ್ಲ ಭಾಷೆಗಳಿಗೂ ಇರುವ ಯೂನಿಕೋಡ್ ಎಂಬ ಅಕ್ಷರ ಪದ್ಧತಿಯಲ್ಲಿ ಹಾಗಲ್ಲ, 1991ರ ಮೊದಲ ಆವೃತ್ತಿಯಿಂದಲೇ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ. ಫಾಂಟ್ ಯಾವುದಿದ್ದರೂ 'ಕ' ಎಲ್ಲ ಕಡೆ 'ಕ'.

ಹಾಗಾಗಿ ಹನ್ನೊಂದು ಫೈಲನ್ನೂ ಯೂನಿಕೋಡ್‌ಗೆ ಬದಲಿಸಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಬದಲಿಸಿ ಸುಮ್ನೆ ಬಿಡಬೇಡಿ, ಒಂದೊಂದು ಸಾಲು ಓದಿ. ಆಸ್ಕಿ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ಆಮೇಲೆ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಅದು ಉಚ್ಚಾರದ ಹಾಗೆ ಮೊದಲು ಬರಬೇಕು. ಕೆಟ್ಟ ಪರಿವರ್ತಕ ಇದನ್ನು ತಪ್ಪಿಸುತ್ತದೆ. ಆಗ 'ವರ್ಷ' ಹೋಗಿ 'ವಷರ್' ಆಗುತ್ತದೆ, 'ಸೂರ್ಯ' ಹೋಗಿ 'ಸೂಯರ್' ಆಗುತ್ತದೆ. ಜಾಲದಲ್ಲಿ 'ಕಾಯರ್ಕ್ರಮ' ಅಂತ ನೋಡಿರುತ್ತೀರಿ, ಅಲ್ವಾ? ಅದು ಬರೆದವರ ತಪ್ಪಲ್ಲ, ಹೀಗೆ ಆಗಿದ್ದು. ಈ ಕೆಲಸಕ್ಕೆ ಕನ್ನಡ ಟೀಚರ್‌ಗಿಂತ ಒಳ್ಳೆಯ ಕಣ್ಣು ಬೇರೆ ಇಲ್ಲ. ಅದರಲ್ಲೂ ಹಾಡಿನ ಪದ ನಿಮಗೆ ಮಾತ್ರ ಗೊತ್ತು. 'ಹಸೆ' ಅನ್ನುವುದು 'ಹಸಿ' ಆದರೆ ಬೇರೆ ಯಾರೂ ಹಿಡಿಯುವುದಿಲ್ಲ.

ಹಳೆ ಫೈಲನ್ನು ಅಳಿಸಬೇಡಿ. ನುಡಿಯ ಫಾಂಟ್ ಫೈಲನ್ನು ಲಿನಕ್ಸ್‌ಗೂ ನಕಲು ಮಾಡಿಕೊಳ್ಳಬಹುದು. ಆಗ ವರ್ಡ್ ಬದಲು ಅಲ್ಲಿ ಬಳಸುವ ಲಿಬ್ರೆ ಆಫೀಸ್‌ನಲ್ಲಿ ಹಳೆಯದೂ ಕನ್ನಡವಾಗಿಯೇ ಕಾಣುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ತಿದ್ದಿ.

ಪುಸ್ತಕದ ವಿಷಯ. ಕೆಲವು ಮುದ್ರಣಾಲಯದವರು ಈಗಲೂ "ನುಡಿಯಲ್ಲೇ ಕೊಡಿ" ಅನ್ನುತ್ತಾರೆ, ಏಕೆಂದರೆ ಅವರಲ್ಲಿ ಪುಟ ಕಟ್ಟುವ ಹಳೆ ತಂತ್ರಾಂಶ ಪೇಜ್‌ಮೇಕರ್ ಇದೆ. ಅದರ ಕೊನೆಯ ಆವೃತ್ತಿ ಬಂದಿದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ನಾನೂ ಹದಿನಾಲ್ಕು ವರ್ಷ ಅದರಲ್ಲೇ ಕೆಲಸ ಮಾಡಿದೆ. ಪುಟ ಕಟ್ಟುವ ಇನ್ನೊಂದು ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಈಗ ಯೂನಿಕೋಡ್ ಕನ್ನಡ ಚೆನ್ನಾಗಿ ಕೂರುತ್ತದೆ. ಅಂಥ ಕಡೆ ಕೊಡಿ. ಇಲ್ಲವಾದರೆ ಲಿಬ್ರೆ ಆಫೀಸ್‌ನಲ್ಲಿ ನೀವೇ ಪುಟ ಕಟ್ಟಿ ಪಿಡಿಎಫ್ ಮಾಡಿ ಕೊಡಿ. ಫಾಂಟ್ ಅದರೊಳಗೇ ಸೇರಿರುತ್ತದೆ, ಯಾರ ಯಂತ್ರದಲ್ಲೂ ಕೆಡುವುದಿಲ್ಲ. ನೋಟೋ ಸೆರಿಫ್ ಕನ್ನಡ ಪುಸ್ತಕಕ್ಕೆ ಹೊಂದುತ್ತದೆ. ಉಬುಂಟು, ಮಿಂಟ್‌ಗಳಲ್ಲಿ ಗುಬ್ಬಿ, ನವಿಲು ಅಂತ ಫಾಂಟುಗಳೂ ಸಿಗುತ್ತವೆ. ನವಿಲು ಕೈಬರಹದ ಹಾಗಿದೆ, ಹಾಡಿನ ಶೀರ್ಷಿಕೆಗೆ ಹಾಕಿ ನೋಡಿ.

ಹಸೆಹಾಡು ಟೀಚರ್

ನಿಮ್ಮೆಲ್ಲರಿಗೂ ಎಷ್ಟು ಹೇಳಿದರೂ ಸಾಲದು. ಎರಡು ಸಲ ಓದಿದೆ, ನಮ್ಮ ಮನೆಯವರಿಗೂ ಓದಿ ಹೇಳಿದೆ.

ದಾವಣಗೆರೆಯವರ ಪ್ರಶ್ನೆ ಸರಿಯಾದದ್ದು. ಊರಲ್ಲಿ ನೋಡುವವರು ಯಾರೂ ಇಲ್ಲ. ಆದರೆ ವಿಂಡೋಸ್ ಕೈಕೊಟ್ಟಾಗಲೂ ಯಾರೂ ಇರಲಿಲ್ಲ. ಆಗಲೂ ಅಣ್ಣನ ಮಗನೇ ಫೋನಿನಲ್ಲಿ ಹೇಳಿಕೊಟ್ಟಿದ್ದು. ಅವರು ಹೇಳಿದ ಒಂದು ವರ್ಷದ ಹೆಚ್ಚುವರಿ ಅಪ್‌ಡೇಟಿಗೆ ನಿನ್ನೆ ನೋಂದಾಯಿಸಿದೆ. ದುಡ್ಡು ಕೇಳಲಿಲ್ಲ.

ಹುಬ್ಬಳ್ಳಿಯವರೇ, ವೇಷ ಕಳಚುವ ಮಾತು ಓದಿ ಮೈ ಝುಂ ಅಂದಿತು. ಇಷ್ಟು ವರ್ಷ ನಾನು ಕನ್ನಡ ಬರೆಯುತ್ತಿದ್ದೇನೆ ಅಂದುಕೊಂಡಿದ್ದೆ.

ಮೈಸೂರಿನ ತಮ್ಮಾ, ಕೀಲಿಮಣೆಯ ಬಗ್ಗೆ ಏನೂ ಹೇಳಲಿಲ್ಲವಲ್ಲ?

ಮೈಸೂರು ಪೆಂಗ್ವಿನ್

ಅಯ್ಯೋ, ಮರೆತೇಬಿಟ್ಟೆ. ಕ್ಷಮಿಸಿ ಅಕ್ಕ.

ನಿಮ್ಮ ಬೆರಳು ಏನೂ ಹೊಸದು ಕಲಿಯಬೇಕಿಲ್ಲ. ನುಡಿಯ ಕೀಲಿಮಣೆ ಅಂದರೆ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ 'ಕಗಪ' ಅಂತಲೂ ಕರೆಯುತ್ತಾರೆ. ಅದು ಲಿನಕ್ಸ್‌ನಲ್ಲೂ ಇದೆ. ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಐಬಸ್ ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿಕೊಳ್ಳಿ. ಆಮೇಲೆ ಐಬಸ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಕೆಳಗೆ 'ಕೆಜಿಪಿ' ಆರಿಸಿ. ಅಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಬೇರೆ ವಿನ್ಯಾಸಗಳೂ ಕಾಣುತ್ತವೆ, ತಪ್ಪಿ ಅದನ್ನು ಆರಿಸಿದರೆ ಅಕ್ಷರ ಅಡ್ಡಾದಿಡ್ಡಿ ಬರುತ್ತವೆ. ಒತ್ತಕ್ಷರಕ್ಕೆ ಎಫ್ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್, ಎಲ್ಲ ನಿಮಗೆ ಗೊತ್ತಿರುವ ಹಾಗೇ. ನೇರವಾಗಿ ಯೂನಿಕೋಡ್‌ನಲ್ಲೇ ಬರುತ್ತದೆ. ಪೆನ್‌ಡ್ರೈವ್‌ನಿಂದ ಓಡಿಸುವಾಗ ಇದನ್ನು ಹಾಕಿಕೊಂಡರೆ ಯಂತ್ರ ಆರಿಸಿದ ಮೇಲೆ ಹೋಗಿಬಿಡುತ್ತದೆ, ಗಾಬರಿಯಾಗಬೇಡಿ.

ಹಸೆಹಾಡು ಟೀಚರ್

ಮೂರು ವಾರ ಆಯಿತು. ಏನಾಯಿತು ಅಂತ ಹೇಳಬೇಕಲ್ಲ.

ಪೆನ್‌ಡ್ರೈವ್ ಅಣ್ಣನ ಮಗ ಅಂಚೆಯಲ್ಲಿ ಕಳಿಸಿದ. ವಿಡಿಯೋ ಕರೆ ಮಾಡಿ, ಯಾವ ಕೀಲಿ ಒತ್ತಬೇಕು ಅಂತ ಹೇಳಿಕೊಟ್ಟ. ವೈಫೈ ಬಂತು, ಸದ್ದು ಬಂತು, ಕ್ಯಾಮೆರಾದಲ್ಲಿ ಮಗಳೂ ಬಂದಳು. ಪ್ರಿಂಟರ್ ಬರಲಿಲ್ಲ. ಹುಡುಗ ದೂರದಿಂದ ಒಂದು ಗಂಟೆ ಪ್ರಯತ್ನಿಸಿದ. ನಾವು ತಿಂಗಳಿಗೆ ಪ್ರಿಂಟ್ ತೆಗೆಯುವುದು ನಾಲ್ಕೋ ಐದೋ ಹಾಳೆ. ಪಿಡಿಎಫ್ ಒಯ್ದು ಪೇಟೆಯಲ್ಲಿ ತೆಗೆಸುವುದು ನನಗೆ ಒಪ್ಪಿಗೆ. ಹೇಗೂ ಮಂಗಳವಾರ ಸಂತೆಗೆ ಹೋಗುತ್ತೇನೆ.

ಆಮೇಲೆ ಕೀಲಿಮಣೆ ಹಾಕಿಕೊಂಡೆ. ಎ, ಎಂ, ಎಫ್, ಎಂ ಒತ್ತಿದೆ. 'ಅಮ್ಮ' ಅಂತ ಬಂತು. ಬೆರಳಿಗೆ ಗೊತ್ತಿದ್ದ ಹಾಗೇ ಬಂತು. ಅಲ್ಲಿಗೆ ನನ್ನ ತೀರ್ಮಾನ ಆಯಿತು. ಮೇ ತಿಂಗಳಲ್ಲಿ ಎಸ್‌ಎಸ್‌ಡಿ ಹಾಕಿಸಿ ಮಿಂಟ್‌ಗೆ ಹೋಗುತ್ತೇನೆ.

ಹಾಡುಗಳು ಒಂಬತ್ತು ಫೈಲು ಯೂನಿಕೋಡ್ ಆದವು, ಇನ್ನೆರಡು ಉಳಿದಿವೆ. ದಿನಕ್ಕೆ ಹತ್ತು ಹಾಡು ಓದಿ ತಿದ್ದುತ್ತೇನೆ. ನಾನು ಬಳಸಿದ ಪರಿವರ್ತಕ ಅರ್ಕಾವತ್ತನ್ನು ಹೆಚ್ಚಿನ ಕಡೆ ಸರಿಯಾಗಿಯೇ ಇಟ್ಟಿದೆ. ಏಳನೇ ಫೈಲಿನ ಆರತಿ ಹಾಡುಗಳಲ್ಲಿ ಮಾತ್ರ ಹದಿನಾರು ಕಡೆ 'ಸೂಯರ್' ಸಿಕ್ಕಿತು. ಓದುವಾಗ ನಾನೇ 2011ರಲ್ಲಿ ತಪ್ಪು ಟೈಪ್ ಮಾಡಿದ್ದೂ ಸಿಕ್ಕಿತು, ಒಂದು ತೊಟ್ಟಿಲ ಹಾಡಿನಲ್ಲಿ ಒಂದು ಇಡೀ ಚರಣ ಬಿಟ್ಟುಹೋಗಿದೆ. ಆಯಿ ಹಾಡಿದ್ದು ಕಿವಿಯಲ್ಲಿತ್ತು, ಸೇರಿಸಿದೆ. ಇದನ್ನು ಈಗ ಮಾಡದಿದ್ದರೆ ಆ ಚರಣ ನನ್ನ ಜೊತೆಗೇ ಹೋಗುತ್ತಿತ್ತು.

ತಿದ್ದಿದ ಮೊದಲ ಫೈಲನ್ನು ಮಗಳಿಗೆ ಕಳಿಸಿದೆ. ಅವಳು ಆಫೀಸಿನ ಬಸ್ಸಿನಲ್ಲಿ ಕೂತು ಫೋನಿನಲ್ಲೇ ತೆರೆದಳು, "ಅಮ್ಮಾ, ಎಲ್ಲ ಕಾಣ್ತಿದೆ" ಅಂತ ಕೂಡಲೇ ಸಂದೇಶ ಹಾಕಿದಳು.

ಎಸ್‌ಎಸ್‌ಡಿ ತರಿಸುವ ಮೊದಲು ಒಂದು ಪ್ರಶ್ನೆ. ಅಂತರ್ಜಾಲದಲ್ಲಿ ಚೂಯಿಂಗ್ ಗಮ್ ಪಟ್ಟಿಯ ಹಾಗೆ ಉದ್ದನೆಯದೂ ಇದೆ, ಚೌಕಟ್ಟಿನ ಡಬ್ಬದ ಹಾಗಿನದೂ ಇದೆ. ನನಗೆ ಯಾವುದು?

ಮೈಸೂರು ಪೆಂಗ್ವಿನ್

ಡಬ್ಬದ ಹಾಗಿನದು ಅಕ್ಕ. 2.5 ಇಂಚಿನ ಸಾಟಾ ಅಂತ ಬರೆದಿರಬೇಕು. ಈಗಿರುವ ಹಾರ್ಡ್ ಡಿಸ್ಕಿನ ಜಾಗದಲ್ಲೇ ಕೂರುತ್ತದೆ. ಜೊತೆಗೆ 4 ಜಿಬಿಯ ಇನ್ನೊಂದು ರ್‍ಯಾಮ್ ಹಾಕಿಸಿದರೆ ಒಳ್ಳೆಯದು, ಆದರೆ ಆರನೇ ಪೀಳಿಗೆಯವಕ್ಕೆ ಕೆಲವಕ್ಕೆ ಡಿಡಿಆರ್3ಎಲ್, ಕೆಲವಕ್ಕೆ ಡಿಡಿಆರ್4 ಬರುತ್ತದೆ. ಹಿಂದಿನ ಮುಚ್ಚಳ ತೆಗೆದು, ಈಗಿರುವ ರ್‍ಯಾಮ್ ಮೇಲಿನ ಚೀಟಿಯ ಫೋಟೋ ಕಳಿಸಿ, ನೋಡಿ ಹೇಳುತ್ತೇನೆ.